ಕೊನೆಯ ಸೈಕಲ್ಲು

"ಇನ್ನೂ ಸ್ವಲ್ಪ ಬಿಗಿಯಾಗಿ ಸುತ್ತು," ಎಂದು ಕ್ಯಾಪ್ಟನ್ ಹಲ್ಲು ಕಚ್ಚಿಕೊಂಡು ಹೇಳಿದ.

"ಇದಕ್ಕಿಂತ ಬಿಗಿ ಸುತ್ತಿದ್ರೆ ಪಾದಕ್ಕೆ ರಕ್ತ ಇಳಿಯಲ್ಲ. ಅಷ್ಟಕ್ಕೂ ಈ ಕಾಲಲ್ಲಿ ನೀವು ಹೋಗಲೇಬೇಕಾ?" ಎಂದಳು ಅವನ ಹೆಂಡತಿ, ಬ್ಯಾಂಡೇಜಿನ ತುದಿಗೆ ಪಿನ್ನು ಸಿಕ್ಕಿಸುತ್ತ.

ಹೋಗಲೇಬೇಕಿತ್ತು. ಎಲೆ ಉದುರುವ ಕಾಲದ ಕೊನೆಯ ಸವಾರಿ ಅದು. ಇನ್ನು ಕೆಲವೇ ದಿನಗಳಲ್ಲಿ ಬೆಟ್ಟದ ಜಾಡುಗಳ ಮೇಲೆ ಹಿಮ ಕೂರುತ್ತದೆ, ಸೈಕಲ್ಲುಗಳೆಲ್ಲ ಗೋಡೆಯ ಕೊಕ್ಕೆ ಸೇರುತ್ತವೆ, ಅಂಗಡಿಗೆ ಬೀಗ ಬೀಳುತ್ತದೆ. ಅದಾದರೂ ಹೋಗಲಿ ಎನ್ನಬಹುದು, ಪ್ರತಿ ವರ್ಷದ್ದು. ಆದರೆ ಅಂಗಡಿ ಬಿಟ್ಟು ಹೊರಟಿದ್ದ ತಂಗಿಗೆ ಇದು ಪೂರ್ತಿ ಕೊನೆಯ ಸವಾರಿ. ಅವಳು ಹೋಗುವುದನ್ನು ತಪ್ಪಿಸಲೇಬೇಕೆಂದು ಅವನು ಪಣ ತೊಟ್ಟಿದ್ದ. ಹಾಗಿರುವಾಗ ಹಿಂದಿನ ಸಂಜೆ ಸೈಕಲ್ ಇಳಿಸಲು ಹೋಗಿ, ನೆಲದ ಮೇಲೆ ಬಿದ್ದಿದ್ದ ಪೆಡಲ್ಲನ್ನು ತುಳಿದು ಕಾಲು ಉಳುಕಿಸಿಕೊಂಡಿದ್ದ. ಆ ಪೆಡಲ್ಲನ್ನು ಅಲ್ಲಿ ಬಿಟ್ಟವನೂ ತಾನೇ ಆದದ್ದರಿಂದ ಯಾರನ್ನಾದರೂ ಬೈದು ನೋವು ಮರೆಯುವ ಸುಖವೂ ಅವನಿಗೆ ಸಿಕ್ಕಿರಲಿಲ್ಲ.

ಅಂಗಡಿ ಸರೋವರದ ದಂಡೆಯಲ್ಲೇ ಇತ್ತು. ಒಂದು ಕಾಲದಲ್ಲಿ ದೋಣಿ ಇಡುತ್ತಿದ್ದ ಕೊಟ್ಟಿಗೆ. ಈಗ ಗೋಡೆ ತುಂಬ ಸೈಕಲ್ಲುಗಳು, ಮೂಲೆಯಲ್ಲಿ ಪಂಕ್ಚರ್ ನೋಡುವ ನೀರಿನ ತೊಟ್ಟಿ, ಎಲ್ಲೆಲ್ಲೂ ರಬ್ಬರು ಮತ್ತು ಗ್ರೀಸಿನ ವಾಸನೆ. ಬಾಗಿಲ ಮೇಲೆ 'ಕ್ಯಾಪ್ಟನ್ ಸೈಕಲ್ಸ್' ಎಂಬ ಬೋರ್ಡು. ಯಾರೋ ಪ್ರವಾಸಿ ತಮಾಷೆಗೆ ಕರೆದ ಹೆಸರು ಅವನಿಗೆ ಅಂಟಿಕೊಂಡಿತ್ತು. ಅವನೂ ಅದನ್ನು ಬಿಡಿಸಿಕೊಳ್ಳುವ ಗೋಜಿಗೆ ಹೋಗದೆ ಬೋರ್ಡೇ ಬರೆಸಿಬಿಟ್ಟಿದ್ದ. ಹಡಗಿಲ್ಲದ ಕ್ಯಾಪ್ಟನ್ ಎಂದು ಹೆಂಡತಿ ಸಿಟ್ಟು ಬಂದಾಗ ಕರೆಯುತ್ತಿದ್ದಳು. ಸಿಟ್ಟು ಆಗಾಗ ಬರುತ್ತಿತ್ತು.

ಹೊರಗೆ ತಂಗಿ ಸಾಲಾಗಿ ನಿಲ್ಲಿಸಿದ ಸೈಕಲ್ಲುಗಳ ಟೈರನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದಳು. ನಲವತ್ತು ದಾಟಿ ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿದ್ದರೂ ಅವನಿಗೆ ಅವಳು ಪುಟ್ಟಿಯೇ. ಮರಗಳು ಹಳದಿಗೆ ತಿರುಗತೊಡಗಿದ ಒಂದು ಬೆಳಿಗ್ಗೆ, ಇದೇ ರೀತಿ ಟೈರು ಒತ್ತುತ್ತಲೇ, ತಲೆ ಎತ್ತದೆ ಹೇಳಿದ್ದಳು: "ಕೆಳಗಿನ ಪೇಟೆಯ ಕಾರ್ಖಾನೇಲಿ ಕೆಲಸ ಸಿಕ್ಕಿದೆ ಅಣ್ಣ. ಚಕ್ರದ ಬೆಂಡ್ ತೆಗೆಯೋದು. ಕೂತ್ಕೊಂಡು ಮಾಡೋ ಕೆಲಸ. ಸೀಸನ್ ಮುಗಿದ ಮೇಲೆ ಹೋಗ್ತೀನಿ."

"ಇಲ್ಲಿ ನಾನು ನಿನಗೇನು ಕಡಿಮೆ ಮಾಡಿದೀನಿ?" ಎಂದು ಕೇಳಿದ್ದ.

"ಏನೂ ಇಲ್ಲ," ಎಂದಿದ್ದಳು.

ಆ 'ಏನೂ ಇಲ್ಲ' ಅವನ ಊಟ ನಿದ್ದೆ ಎರಡನ್ನೂ ಕೆಡಿಸಿತ್ತು. ಮೊದಲು ಯಾರೋ ಅವಳ ತಲೆ ಕೆಡಿಸಿದ್ದಾರೆ ಎಂದುಕೊಂಡ. ಆಮೇಲೆ ಹೆಂಡತಿಯನ್ನೇ ವಿಚಾರಿಸಿದ: "ನೀನೇನಾದ್ರೂ ಅಂದ್ಯಾ ಅವಳಿಗೆ?" ಹೆಂಡತಿ ಪಾತ್ರೆ ಉಜ್ಜುವುದನ್ನು ನಿಲ್ಲಿಸಿ, "ನಾನು ಅನ್ನೋದೆಲ್ಲ ನಿಮಗೇ ಖರ್ಚಾಗಿಹೋಗುತ್ತೆ, ಅವಳಿಗೆ ಎಲ್ಲಿ ಉಳಿಯುತ್ತೆ," ಎಂದಳು. ಕೊನೆಗೆ ಅವನಿಗೆ ಹೊಳೆದದ್ದು ಬೋರ್ಡು. ಇಷ್ಟು ವರ್ಷ ದುಡಿದವಳ ಸುಳಿವೇ ಇಲ್ಲ ಅದರಲ್ಲಿ. ಇಷ್ಟೇ ತಾನೇ, ಎಂದು ಅವನ ಮನಸ್ಸು ಹಗುರವಾಯಿತು. 'ಅಣ್ಣ ತಂಗಿ ಸೈಕಲ್ಸ್' ಎಂದು ಹೊಸ ಬೋರ್ಡು ಬರೆಸಿ, ತಗಡುಗಳ ಹಿಂದೆ ಅಡಗಿಸಿಟ್ಟ. ಕೊನೆಯ ಸವಾರಿಯ ದಿನ ಬೆಟ್ಟದ ಮೇಲಿನ ಬೆಂಚಿನ ಹತ್ತಿರ, ಎಲ್ಲರ ಎದುರಿಗೆ ಹೇಳುವುದು. ಅವಳ ಕಣ್ಣಲ್ಲಿ ನೀರು ಬರುವುದು. ಕಾರ್ಖಾನೆಯವರು ತಮ್ಮ ಚಕ್ರದ ಬೆಂಡನ್ನು ತಾವೇ ತೆಗೆದುಕೊಳ್ಳುವುದು. ಇಷ್ಟನ್ನೂ ಅವನು ಮನಸ್ಸಿನಲ್ಲೇ ನಡೆಸಿ ನೋಡಿ ಬೆನ್ನು ತಟ್ಟಿಕೊಂಡಿದ್ದ.

ಹೊರಡುವ ಮುಂಚೆ ಬಾಗಿಲ ಚೌಕಟ್ಟು ಹಿಡಿದು, ಒಂಟಿ ಕಾಲಲ್ಲಿ ನಿಂತು, ತನ್ನ ಎಂದಿನ ಭಾಷಣ ಮಾಡಿದ. ಪ್ರವಾಸಿಗಳಲ್ಲಿ ಹೆಚ್ಚಿನವರು ಒಂದೇ ಆಫೀಸಿನ ಗೆಳೆಯರು. ಅವರಿಂದ ಸ್ವಲ್ಪ ದೂರದಲ್ಲಿ, ಹೆಲ್ಮೆಟ್ಟಿನ ಪಟ್ಟಿಯೊಂದಿಗೆ ಗುದ್ದಾಡುತ್ತ, ದಪ್ಪ ಕನ್ನಡಕದ ಒಬ್ಬ ಟೀಚರ್. ಆಕೆ ಪ್ರತಿ ವರ್ಷವೂ ಎಲೆ ಉದುರುವ ಕಾಲಕ್ಕೆ ತಪ್ಪದೆ ಬರುತ್ತಿದ್ದರು.

"ನೋಡಿ, ನಮ್ಮ ಸವಾರಿ ಒಂದು ಪ್ರಾಣಿ ಇದ್ದ ಹಾಗೆ," ಎಂದ ಕ್ಯಾಪ್ಟನ್. "ಮುಂದೆ ಹೋಗೋರು ತಲೆ, ಕೊನೇಲಿ ಬರೋರು ಬಾಲ, ನಡುವೆ ನೀವೆಲ್ಲ ಹೊಟ್ಟೆ. ತಲೇನ ಯಾರೂ ದಾಟಬಾರದು, ಬಾಲದ ಹಿಂದೆ ಯಾರೂ ಉಳೀಬಾರದು. ನಿಲ್ಲೋ ಜಾಗಕ್ಕೆ ಬಾಲ ಬಂದು ಎರಡು ಸಲ ಬೆಲ್ ಹೊಡೆಯುತ್ತೆ. ಹಿಂದೆ ಯಾರೂ ಇಲ್ಲ ಅಂತ ಅರ್ಥ. ಬೆಲ್ ಕೇಳಿದ ಕೂಡಲೇ ಎದ್ದು ಹೊರಡೋದು. ಕೂತಲ್ಲೇ ಬೇರು ಬಿಡೋ ಹಾಗಿಲ್ಲ. ಇವತ್ತು ಕಾಲು ಕೈಕೊಟ್ಟಿದೆ, ಅದಕ್ಕೆ ಬಾಲ ನಾನು. ತಲೆ ನನ್ನ ತಂಗಿ."

ಗೆಳೆಯರ ಗುಂಪು ನಕ್ಕಿತು. ತಂಗಿ ಭುಜದಿಂದ ತನ್ನ ಚೀಲ ಕಳಚಿ ಅವನ ಬೆನ್ನಿಗೇರಿಸಿದಳು. "ಭಾರ ಇದೆ, ನೋಡ್ಕೋ," ಎಂದಳು.

ಭಾರವೇ ಇತ್ತು. ಪಂಪು, ಟ್ಯೂಬುಗಳು, ಚೈನು ಬಿಚ್ಚುವ ಸಾಮಾನು, ಬ್ಯಾಂಡೇಜು, ಇನ್ನೂ ಏನೇನೋ. ಬಾಲದ ಕೆಲಸ ಹಗುರ ಎಂದು ಅವನು ನಂಬಿದ್ದ. ದಾರಿ ಹುಡುಕುವುದಿಲ್ಲ, ಮಾತಾಡಿ ನಗಿಸುವುದಿಲ್ಲ, ಎಲ್ಲರ ಹಿಂದೆ ಆರಾಮಾಗಿ ಬಂದರಾಯಿತು. ತಂಗಿಯೆಂಬ ಅಕ್ಕರೆಗೇ ಇಷ್ಟು ವರ್ಷ ಅವಳಿಗೆ ಅದನ್ನು ಕೊಟ್ಟಿದ್ದ.

ದಂಡೆಯ ಜಾಡಿನ ತುಂಬ ಎಲೆ. ಹಳದಿ, ತುಕ್ಕಿನ ಬಣ್ಣ, ಅಲ್ಲಲ್ಲಿ ರಕ್ತಗೆಂಪು. ಅವುಗಳ ಅಡಿಯಲ್ಲಿ ಬೇರು ಯಾವುದು ಕಲ್ಲು ಯಾವುದು ಗೊತ್ತಾಗುತ್ತಿರಲಿಲ್ಲ. ಎಡಕ್ಕೆ ಸರೋವರದ ನೀರು ಅಲುಗಾಡದೆ ನಿಂತು ಬೆಟ್ಟಗಳನ್ನೆಲ್ಲ ತಲೆಕೆಳಗು ಮಾಡಿ ಇಟ್ಟುಕೊಂಡಿತ್ತು. ಕ್ಯಾಪ್ಟನ್ನನಿಗೆ ಅದನ್ನೆಲ್ಲ ನೋಡುವ ಪುರುಸೊತ್ತಿರಲಿಲ್ಲ. ಟೀಚರ್ ಏರು ಬಂದಲ್ಲೆಲ್ಲ ಇಳಿಯುತ್ತಿದ್ದರು, ಇಳಿಜಾರು ಬಂದಲ್ಲೂ ಹೆದರಿ ಇಳಿಯುತ್ತಿದ್ದರು. ಸಮತಟ್ಟಿನಲ್ಲಿ ಮಾತ್ರ ಧೈರ್ಯವಾಗಿ ಪೆಡಲು ತುಳಿಯುತ್ತಿದ್ದರು. ಆ ಜಾಡಿನಲ್ಲಿ ಸಮತಟ್ಟು ಕಡಿಮೆ. ಅವರು ಇಳಿದಾಗ ಅವನೂ ಇಳಿಯಬೇಕು, ಹತ್ತಿದಾಗ ಹತ್ತಬೇಕು. ಪ್ರತಿ ಸಲ ಉಳುಕಿದ ಕಾಲು ನೆಲ ಮುಟ್ಟಿದಾಗ ಜೀವ ಬಾಯಿಗೆ ಬರುತ್ತಿತ್ತು. ಮುಂದೆ ಹೋದವರು ಬೀಳಿಸಿದ ಒಂದು ಗ್ಲೌಸು ಸಿಕ್ಕಿತು, ಸ್ವಲ್ಪ ದೂರದಲ್ಲಿ ಒಂದು ಟೋಪಿ. ಬಗ್ಗಿ ಎತ್ತಿ ಚೀಲಕ್ಕೆ ಹಾಕಿಕೊಂಡ.

ಮರದ ಸೇತುವೆಯ ಹತ್ತಿರ ಮೊದಲ ನಿಲುಗಡೆ. ದೂರದಿಂದಲೇ ಕಂಡರು: ಎಲ್ಲರೂ ಸೇತುವೆಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಚಹಾ ಕುಡಿದು, ಫೋಟೋ ತೆಗೆದು ಮುಗಿಸಿ, ಇನ್ನೇನು ಮಾಡುವುದೆಂದು ತಿಳಿಯದೆ ನೀರಿಗೆ ಕಲ್ಲು ಎಸೆಯುತ್ತಿದ್ದರು. ಕ್ಯಾಪ್ಟನ್ ಏದುಸಿರು ಬಿಡುತ್ತ ಬಂದು, ಸೈಕಲ್ಲಿನಿಂದ ಇಳಿಯುವ ಮೊದಲೇ ತನ್ನದೇ ನಿಯಮದಂತೆ ಎರಡು ಸಲ ಬೆಲ್ ಹೊಡೆದ.

ಅಷ್ಟೇ ಸಾಕಾಯಿತು. ಕಟ್ಟೆಯ ಮೇಲಿದ್ದವರೆಲ್ಲ ಒಟ್ಟಿಗೆ ಎದ್ದು ಪ್ಯಾಂಟು ಕೊಡವಿಕೊಂಡರು. "ಬಾಲ ಬಂತು, ನಡೀರಿ ನಡೀರಿ," ಎಂದು ಯಾರೋ ಅವನದೇ ಧಾಟಿಯಲ್ಲಿ ಹೇಳಿದರು, ಉಳಿದವರು ನಕ್ಕರು. ನೋಡುತ್ತಿದ್ದ ಹಾಗೇ ಸೈಕಲ್ಲುಗಳು ಸೇತುವೆ ದಾಟತೊಡಗಿದವು. ತಲೆ ಮುಂದಿರಲೇಬೇಕಲ್ಲ, ತಂಗಿಯೂ ಒಂದು ಸಲ ಹಿಂತಿರುಗಿ ನೋಡಿ ಹೊರಟಳು. ಕ್ಯಾಪ್ಟನ್ ಕಟ್ಟೆಯ ಮೇಲಿದ್ದ ಫ್ಲಾಸ್ಕನ್ನು ಎತ್ತಿ ಅಲ್ಲಾಡಿಸಿದ. ಖಾಲಿ.

"ಅಯ್ಯೋ, ನನ್ನಿಂದ ನಿಮಗೂ ಚಹಾ ತಪ್ಪಿತು," ಎಂದರು ಟೀಚರ್, ಕನ್ನಡಕ ಒರೆಸಿಕೊಳ್ಳುತ್ತ. "ನಿಮ್ಮ ತಂಗಿಗೂ ಪ್ರತಿ ಸಲ ಹೀಗೇ ಮಾಡ್ತೀನಿ."

"ಇರಲಿ ಬಿಡಿ ಟೀಚರ್," ಎಂದು ಫ್ಲಾಸ್ಕನ್ನೂ ಚೀಲಕ್ಕೆ ತುರುಕಿದ. ಇದೂ ಬಾಲದ ಕೆಲಸವೇ ಎಂದು ಆಗ ತಿಳಿಯಿತು. ಸಂಜೆ ಅಂಗಡಿಗೆ ಬಂದು ಫ್ಲಾಸ್ಕು ತೊಳೆಯುವವಳು ತಂಗಿ ಎಂದು ಗೊತ್ತಿತ್ತು. ಅದು ಅಲ್ಲಿಗೆ ಹೇಗೆ ಬರುತ್ತದೆ ಎಂದು ಯೋಚಿಸಿರಲಿಲ್ಲ.

ಮುಂದಿನ ದಾರಿಯಲ್ಲಿ ಟೀಚರ್ ಸೈಕಲ್ ತಳ್ಳಿಕೊಂಡು ನಡೆಯುತ್ತ ಮಾತಾಡಿದರು. ಆ ಕಡೆಯ ಏರಿನಲ್ಲಿ ಅವರಿಗೆ ಉಸಿರಿಗಿಂತ ಮಾತೇ ಹೆಚ್ಚು ಬರುತ್ತಿತ್ತು.

"ನಿಮ್ಮ ತಂಗಿ ಇಲ್ಲಿ ಹಾಡ್ತಾರೆ."

"ಯಾರು, ಪುಟ್ಟೀನಾ?"

"ಹೂಂ. ನನಗೆ ಇನ್ನು ಆಗಲ್ಲ ಅನಿಸಿದಾಗ. ಹಾಡು ಮುಗಿಯೋವರೆಗೆ ನಡೀರಿ ಟೀಚರ್, ಆಮೇಲೆ ನಿಲ್ಲೋಣ ಅಂತಾರೆ. ಅದು ಮುಗಿಯೋದೇ ಇಲ್ಲ. ಎಷ್ಟು ಚಂದ ಧ್ವನಿ. ನಿಮಗೆ ಗೊತ್ತಿರಬೇಕಲ್ಲ."

ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿ ಬೆಳೆದವನಿಗೆ, ಒಂದೇ ಅಂಗಡಿಯಲ್ಲಿ ಕೂದಲು ಬೆಳ್ಳಗಾದವನಿಗೆ, ತಂಗಿ ಹಾಡುತ್ತಾಳೆ ಎಂಬುದು ಗೊತ್ತಿರಲಿಲ್ಲ. ಏನಾದರೂ ಹೇಳಬೇಕೆಂದು "ಅವಳಪ್ಪ ಹಾಡ್ತಿದ್ರು," ಎಂದ, ಅವಳಪ್ಪ ಬೇರೆ ತನ್ನಪ್ಪ ಬೇರೆ ಎಂಬಂತೆ. ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು.

ಕಲ್ಲುದಂಡೆಯ ಎರಡನೇ ನಿಲುಗಡೆಯಲ್ಲಿ ಅವನು ಬುದ್ಧಿ ಉಪಯೋಗಿಸಿದ. ಬೆಲ್ ಹೊಡೆಯದೆ ಮೆಲ್ಲಗೆ ಬಂದು ಕೂತುಬಿಡೋಣ ಎಂದುಕೊಂಡ. ಆದರೆ ಬೆಲ್ಲಿಗಾಗಿ ಯಾರೂ ಕಾಯಲಿಲ್ಲ. ಅವನ ಮುಖ ಕಂಡದ್ದೇ ಸಾಕಾಗಿ ಎಲ್ಲರೂ ಎದ್ದರು. ಅವರ ತಪ್ಪೇನು. ಕೂತು ಕೂತು ಅವರಿಗೆ ಚಳಿ ಹಿಡಿದಿತ್ತು, ವಿಶ್ರಾಂತಿ ಸಾಕಾಗಿತ್ತು. ತಂಗಿ ಮಾತ್ರ ಎರಡು ಹೆಜ್ಜೆ ಹತ್ತಿರ ಬಂದಳು.

"ಸ್ವಲ್ಪ ಕೂತ್ಕೋತೀಯಾ ಅಣ್ಣ? ಇವರನ್ನ ನಿಲ್ಲಿಸ್ತೀನಿ."

"ಏನೂ ಬೇಡ. ನಡಿ," ಎಂದ, ಸಿಡುಕಿನಿಂದ.

ಹೇಳಿ ಮುಗಿಸುವುದರೊಳಗೆ ಎಂದೋ ಮರೆತ ಒಂದು ಮಾತು ಎದ್ದು ಎದುರಿಗೆ ನಿಂತಿತು. ಅಂಗಡಿ ಶುರುವಾದ ಹೊಸತು. ಇದೇ ಕಲ್ಲುದಂಡೆ. ತಂಗಿಗೆ ಆಗಿನ್ನೂ ಚಿಕ್ಕ ವಯಸ್ಸು. ಅಳುವ ಇಬ್ಬರನ್ನು ಸಮಾಧಾನ ಮಾಡಿ ಕರೆತಂದು, ಕೆಂಪು ಮುಖ ಹೊತ್ತು ಕೊನೆಗೆ ಬಂದಿದ್ದಳು. "ಒಂದ್ನಿಮಿಷ ಅಣ್ಣ, ಕೂತು ಬರ್ತೀನಿ," ಎಂದಿದ್ದಳು. ಅವನು ಎಲ್ಲರಿಗೂ ಕೇಳುವಂತೆ, "ಬಾಲ ಕೂತ್ರೆ ಪ್ರಾಣಿ ನಡೆಯೋದು ಹೇಗಮ್ಮ?" ಎಂದಿದ್ದ. ದಂಡೆಯ ತುಂಬ ನಗು. ತಂಗಿಯೂ ನಕ್ಕಿದ್ದಳು. ಅದಾದ ಮೇಲೆ ಇವತ್ತಿನವರೆಗೆ ಅವಳು ಒಂದ್ನಿಮಿಷ ಕೇಳಿದ್ದು ಅವನಿಗೆ ನೆನಪಾಗಲಿಲ್ಲ. ಎಷ್ಟು ತಡಕಿದರೂ ನೆನಪಾಗಲಿಲ್ಲ.

ಕೂತ್ಕೊಂಡು ಮಾಡೋ ಕೆಲಸ, ಎಂದಿದ್ದಳು. ಅಷ್ಟು ಬಿಡಿಸಿ ಹೇಳಿದ್ದಳು. ಅವನು ಬೋರ್ಡು ಬರೆಸಿಕೊಂಡು ಬಂದಿದ್ದ.

ಬೆಟ್ಟದ ಬುಡದಲ್ಲಿ ಸೈಕಲ್ಲುಗಳನ್ನು ಒರಗಿಸಿ ಮೇಲಿನ ಬೆಂಚಿಗೆ ನಡೆದೇ ಹತ್ತಬೇಕು. ಉಳಿದವರು ಆಗಲೇ ಮರಗಳ ನಡುವೆ ಮರೆಯಾಗಿದ್ದರು. ಕ್ಯಾಪ್ಟನ್ ಒಂದು ಕೋಲು ಹುಡುಕಿಕೊಂಡ. ಎಲೆಯ ಮೇಲೆ ಕಾಲು ಜಾರುತ್ತಿತ್ತು; ಈಗ ಟೀಚರೇ ನಿಂತು ನಿಂತು ಅವನಿಗಾಗಿ ಕಾಯುತ್ತಿದ್ದರು.

"ನೀವು ಹೋಗಿ ಟೀಚರ್. ನಾನು ಬರ್ತೀನಿ."

"ಬಾಲದ ಹಿಂದೆ ಯಾರೂ ಉಳೀಬಾರದು ಅಂದ್ರಿ. ಬಾಲವೇ ಹಿಂದುಳಿದ್ರೆ ಏನು ಮಾಡಬೇಕು ಅಂತ ಹೇಳಲಿಲ್ಲ," ಎಂದರು ಟೀಚರ್. ತಮಾಷೆಗೇ ಅಂದದ್ದು. ಅವನಿಗೆ ನಗು ಬರಲಿಲ್ಲ.

ಈ ಏರಿನುದ್ದಕ್ಕೂ ಅವನ ಮನಸ್ಸು ಒಂದೇ ಕಡೆ ಸುತ್ತುತ್ತಿತ್ತು. ಪ್ರತಿ ಸವಾರಿಯಲ್ಲೂ ಮೇಲಿನ ಬೆಂಚಿನಲ್ಲಿ ಅವನು ಕೂರುತ್ತಿದ್ದ, ಚಹಾ ಹೀರುತ್ತಿದ್ದ, ಸರೋವರದ ಕಥೆ ಹೇಳಿ ಎಲ್ಲರನ್ನೂ ನಗಿಸುತ್ತಿದ್ದ. ತಂಗಿಯ ತಲೆ ತಿರುವಿನಲ್ಲಿ ಕಂಡ ಕೂಡಲೇ ತೊಡೆ ತಟ್ಟಿ, "ಸರಿ, ಎಲ್ಲಾ ಬಂದ್ರು, ಇಳಿಯೋಣ," ಎಂದು ಎದ್ದುಬಿಡುತ್ತಿದ್ದ. ಶಿಸ್ತು ಎಂದುಕೊಂಡಿದ್ದ ಅದನ್ನು. ಹೀಗೆ ಎಷ್ಟು ವರ್ಷ? ಅವಳು ಆ ಬೆಂಚಿನ ಮೇಲೆ ಕೂತದ್ದನ್ನು ಅವನು ಕಣ್ಣಾರೆ ಕಂಡಿರಲಿಲ್ಲ. ಕೋಲೂರಿ ದಾರಿಯ ನಡುವೆ ನಿಂತುಬಿಟ್ಟ. ಕಾಲುನೋವು ಎಂದು ಸುಳ್ಳು ಹೇಳಿಕೊಳ್ಳುವಷ್ಟು ಮೂರ್ಖನಾಗಿರಲಿಲ್ಲ ಅವನು.

ಕೊನೆಯ ತಿರುವು ದಾಟಿ ಬೆಂಚು ಕಂಡಾಗ, ಯೋಚಿಸುವ ಮೊದಲೇ ಬಾಯಿ ತನ್ನ ಕೆಲಸ ಮಾಡಿತು. "ಎಲ್ಲಾ ಬಂದ್ರು," ಎಂದುಬಿಟ್ಟ.

ಒಂದಿಬ್ಬರು ಅರ್ಧ ಎದ್ದರು. ತಂಗಿ ಬೆಂಚಿನ ಪಕ್ಕದ ಬಂಡೆಗೊರಗಿ ನಿಂತಿದ್ದವಳು ಕೈ ತೋರಿಸಿ, "ಕೂತ್ಕೊಳ್ಳಿ, ಕಥೆ ಆಗಬೇಕು," ಎಂದಳು. ಬೆಂಚಿನ ಒಂದು ತುದಿ ಖಾಲಿ ಇತ್ತು. ಅದರ ಮೇಲೆ ಇನ್ನೊಂದು ಫ್ಲಾಸ್ಕು. ಟೀಚರಿಗೆ ಆಗಲೇ ಲೋಟ ತುಂಬಿ ಕೊಡುತ್ತಿದ್ದಳು. ಇನ್ನೊಂದು ಲೋಟ ಅವನ ಕೈಗೆ ಬಂತು. ಬಿಸಿಯಾಗಿತ್ತು.

"ನೀನೇ ಹೇಳಬಹುದಿತ್ತಲ್ಲ ಕಥೆ," ಎಂದ, ಕೂರುತ್ತ. "ಇಷ್ಟು ಹೊತ್ತು ಕಾಯಿಸ್ತಾರಾ ಜನಾನ?"

"ಗೊತ್ತಿದ್ರೆ ತಾನೇ ಹೇಳೋದು," ಎಂದಳು ತಂಗಿ.

ಅವನು ಲೋಟವನ್ನು ತುಟಿಯ ಹತ್ತಿರ ತಂದವನು ಕುಡಿಯದೆ ಕೆಳಗಿಳಿಸಿದ. ಕಥೆ ಅಪ್ಪನದು. ದೋಣಿಯಲ್ಲಿ ಕೂರಿಸಿಕೊಂಡು ಅಪ್ಪ ಅವನಿಗೆ ಹೇಳಿದ್ದು. ಅಪ್ಪ ತೀರಿಕೊಂಡಾಗ ತಂಗಿ ತೊಟ್ಟಿಲಲ್ಲಿದ್ದಳು. ಆಮೇಲೆ ಅದನ್ನು ಊರೂರಿನಿಂದ ಬಂದವರಿಗೆಲ್ಲ ಹೇಳಿದವನು ಅವನೇ. ಇವಳಿಗೆ ಯಾರು ಹೇಳಬೇಕಿತ್ತು?

"ಬಾ, ಇಲ್ಲಿ ಕೂತ್ಕೋ," ಎಂದು ಸರಿದು ಜಾಗ ಮಾಡಿದ. ತಂಗಿ ಬಂದು ಕೂತಳು. ಬೋರ್ಡಿನ ಮಾತು ಹೇಳಬೇಕಾದ ಹೊತ್ತು ಇದೇ. ಅದನ್ನು ಹೇಳುವ ಮುಖ ಅವನಿಗಿರಲಿಲ್ಲ.

ಕಥೆ ಹೇಳಿದ. ಇಲ್ಲೊಂದು ಹೊಳೆ ಇತ್ತು, ಹೊಳೆಯ ಪಕ್ಕ ಒಂದು ಹಿಟ್ಟಿನ ಗಿರಣಿ. ಬೆಟ್ಟ ಜಾರಿ ಹೊಳೆಗೆ ಅಡ್ಡ ಬಿತ್ತು, ನೀರು ಏರತೊಡಗಿತು. ಹೆಂಡತಿ ದೋಣಿ ತಂದು ಕರೆದರೆ ಗಿರಣಿ ಯಜಮಾನ ಕುರ್ಚಿಯಿಂದ ಏಳಲಿಲ್ಲ. ನಾನು ಮೊದಲು ಬಂದವನು, ನೀರು ಬೇಕಾದರೆ ಹೋಗಲಿ ಎಂದ. ನೀರು ಮಂಡಿಗೆ ಬಂದಾಗ ಕುರ್ಚಿಯನ್ನು ಮೇಜಿನ ಮೇಲಿಟ್ಟು ಕೂತ. ಮೇಜು ಮುಳುಗಿದಾಗ ಅಟ್ಟಕ್ಕೆ ಒಯ್ದು ಕೂತ. ಕೊನೆಗೆ ಮಾಡಿನ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಯಜಮಾನ. ಹೆಂಡತಿ ದೋಣಿಯನ್ನು ಮಾಡಿಗೆ ತಾಗಿಸಿ, "ಈಗಲಾದ್ರೂ ಬರ್ತೀರೋ?" ಎಂದಳು. ಅವನು ಗಂಭೀರವಾಗಿ, "ಸ್ವಲ್ಪ ಆ ಕಡೆ ಸರಿ, ಕುರ್ಚಿಗೂ ಜಾಗ ಬೇಕು," ಎಂದ.

ಎಲ್ಲರೂ ನಕ್ಕರು. ಆದರೆ ಕ್ಯಾಪ್ಟನ್ ಅಂದು ಚೆನ್ನಾಗಿ ಹೇಳಿರಲಿಲ್ಲ. ಎಲ್ಲಿ ತಡೆಯಬೇಕು, ಎಲ್ಲಿ ಕೈ ಆಡಿಸಬೇಕು ಎಂಬುದೆಲ್ಲ ಮರೆತು, ತಂಗಿಯ ಕಡೆಗೇ ತಿರುಗಿ, ಮಗುವಿಗೆ ಹೇಳುವ ಹಾಗೆ ಹೇಳಿದ್ದ. ಅವಳು ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ನೀರನ್ನು ನೋಡುತ್ತಿದ್ದಳು.

"ಆಮೇಲೆ?" ಎಂದಳು.

"ಆಮೇಲೆ ಏನಿಲ್ಲ. ಇಷ್ಟೇ ಕಥೆ."

"ಇಷ್ಟೇನಾ." ಅವಳು ಒಂದು ಗುಟುಕು ಚಹಾ ಕುಡಿದಳು. "ಎಷ್ಟು ಜೋರಾಗಿ ನಗ್ತಿದ್ರಿ ಎಲ್ಲರೂ. ಕೆಳಗಿನ ತಿರುವಿನವರೆಗೂ ಕೇಳಿಸ್ತಿತ್ತು. ಇನ್ನೂ ಏನೋ ದೊಡ್ಡದಿರುತ್ತೆ ಅಂದ್ಕೊಂಡಿದ್ದೆ."

ಪುಟ್ಟಿ, ತಪ್ಪಾಯ್ತು ಎನ್ನಬೇಕೆಂದಿದ್ದ. ಬಾಯಿ ತೆರೆದರೆ ಎಲ್ಲರ ಎದುರಿಗೆ ಅಳು ಬಂದುಬಿಡುತ್ತದೆಂದು ಹೆದರಿದ. "ಯಾವಾಗ ಹೊರಡ್ತೀಯ?" ಎಂದು ಮಾತ್ರ ಕೇಳಿದ.

"ಸೋಮವಾರ. ಬೆಳಗಿನ ಬಸ್ಸು."

"ನಾನು ಬಂದು ಹತ್ತಿಸ್ತೀನಿ."

"ಈ ಕಾಲಲ್ಲಾ? ಅತ್ತಿಗೆ ಬಿಡಬೇಕಲ್ಲ," ಎಂದಳು. ಆಮೇಲೆ, "ಬಾ," ಎಂದಳು.

ಗೆಳೆಯರ ಗುಂಪಿನಲ್ಲೊಬ್ಬ ಕೈಗಡಿಯಾರ ನೋಡಿಕೊಂಡು ಕ್ಯಾಪ್ಟನ್ನನ ಕಡೆ ತಿರುಗಿದ. ಕ್ಯಾಪ್ಟನ್ ತಂಗಿಯ ಕಡೆ ನೋಡಿದ. ಇವತ್ತು ತಲೆ ಅವಳು. ಹೊರಡೋಣ ಎನ್ನಬೇಕಾದವಳು ಅವಳೇ. "ಕುರ್ಚಿಗೂ ಜಾಗ ಬೇಕಂತೆ," ಎಂದು ತನ್ನಷ್ಟಕ್ಕೆ ಹೇಳಿಕೊಂಡು ಸಣ್ಣಗೆ ನಕ್ಕಳು. ಬಗ್ಗಿ ಶೂಗಳ ಲೇಸು ಬಿಚ್ಚಿದಳು. ಒಂದೊಂದಾಗಿ ತೆಗೆದು ಬೆಂಚಿನ ಪಕ್ಕದಲ್ಲಿಟ್ಟು, ಎರಡೂ ಕಾಲುಗಳನ್ನು ಬಿಸಿಲಿಗೆ ಚಾಚಿದಳು.

ಗಾಳಿ ಬೀಸಿ ಮೇಲಿನ ಕೊಂಬೆಗಳಿಂದ ಎಲೆಗಳು ಉದುರಿದವು. ಒಂದು ಎಲೆ ಅವಳ ಶೂವಿನೊಳಗೆ ಬಿತ್ತು. ಅವಳು ಅದನ್ನು ತೆಗೆಯಲಿಲ್ಲ.